ಗ್ಯಾಸ್ ಹಾಕಿಸುವ ಮೊದಲು: ತಣ್ಣಗಾಗದ ಹಳೇ ಫ್ರಿಜ್ಜಿನ ರಿಪೇರಿ

ಹಳೇ ಫ್ರಿಜ್ ತಣ್ಣಗಾಗುತ್ತಿಲ್ಲ ಎಂದು ಯಾರನ್ನಾದರೂ ಕರೆಸಿದರೆ, ಬಾಗಿಲು ತೆಗೆದು ನೋಡುವ ಮೊದಲೇ ‘ಗ್ಯಾಸ್ ಖಾಲಿ’ ಎಂಬ ತೀರ್ಪು ಬರುತ್ತದೆ. ಓಡಿಸಿದಷ್ಟೂ ಖರ್ಚಾಗಲು ಅದೇನು ಸ್ಕೂಟರಿನ ಪೆಟ್ರೋಲೇ? ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ಎಲ್ಲೂ ಸೋರದಿದ್ದರೆ 1970ರಲ್ಲಿ ತುಂಬಿದ ಗ್ಯಾಸ್ ಇವತ್ತಿಗೂ ಅಷ್ಟೇ ಇರುತ್ತದೆ. ಹಾಗಾಗಿ ಹಳೇ ಫ್ರಿಜ್ ರಿಪೇರಿಯಲ್ಲಿ ಪೈಪು ಕತ್ತರಿಸುವುದು ಕಟ್ಟಕಡೆಯ ಕೆಲಸ. ಅದಕ್ಕೆ ಮೊದಲು ಪೈಪಿನ ಹೊರಗಿರುವುದೆಲ್ಲ ಸರಿಯಿದೆ ಎಂದು ಒಂದೊಂದಾಗಿ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಹೇಳುವುದು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವ ಒಂಟಿ ಬಾಗಿಲಿನ ಫ್ರಿಜ್‌ಗಳ ವಿಷಯ. ಗೋದ್ರೆಜ್, ಕೆಲ್ವಿನೇಟರ್, ಆಲ್ವಿನ್ ಕಾಲದ, ಮೇಲೆ ಅಲ್ಯೂಮಿನಿಯಂ ಫ್ರೀಜರ್ ಪೆಟ್ಟಿಗೆ, ಹಿಂದೆ ಕಪ್ಪು ತಂತಿಯ ಕಾಯಿಲ್, ಕೆಳಗೆ ಗುಂಡಗಿನ ಕಂಪ್ರೆಸರ್ ಇರುವಂಥವು. 1990ರ ದಶಕದ ನಡುವಿನವರೆಗೆ ಬಂದ ಇಂಥ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-12 ಗ್ಯಾಸ್. ಓಜೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿದ ಈ ಗ್ಯಾಸಿನ ಬಳಕೆಗೆ ಭಾರತದಲ್ಲಿ 2010ರ ಹೊತ್ತಿಗೆ ತೆರೆಬಿತ್ತು. ಇರುವುದನ್ನು ಹೊರಗೆ ಬಿಟ್ಟರೆ ಅದೇ ಗ್ಯಾಸ್ ಮತ್ತೆ ಸಿಗುವ ಭರವಸೆಯಿಲ್ಲ.

ಎರಡು ಎಚ್ಚರಿಕೆ ಮೊದಲೇ ಹೇಳಬೇಕು. ಎರಡನೇ ಮಹಾಯುದ್ಧಕ್ಕೂ ಹಿಂದಿನ ವಿದೇಶಿ ಫ್ರಿಜ್ ಕೈಗೆ ಸಿಕ್ಕಿದ್ದರೆ, ಉದಾಹರಣೆಗೆ ತಲೆಯ ಮೇಲೆ ದುಂಡನೆಯ ಕಂಪ್ರೆಸರ್ ಹೊತ್ತ, 1927ರಲ್ಲಿ ಮಾರುಕಟ್ಟೆಗೆ ಬಂದ ಜನರಲ್ ಎಲೆಕ್ಟ್ರಿಕ್‌ನ ‘ಮಾನಿಟರ್ ಟಾಪ್’ ಥರದ್ದು, ಅದರ ಪೈಪಿಗೆ ಕೈ ಹಾಕಲೇಬೇಡಿ. ಒಳಗೆ ಸಲ್ಫರ್ ಡೈಆಕ್ಸೈಡ್ ಇರಬಹುದು. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರೇ ಕಟ್ಟುತ್ತದೆ. ಎರಡನೆಯದು ಬಾಗಿಲಿನ ಬೀಗ. ಹಿಡಿ ಎಳೆದರಷ್ಟೇ ಬಿಡುವ ಲಿವರ್ ಕೊಂಡಿಯ ಬಾಗಿಲನ್ನು ಒಳಗಿನಿಂದ ತೆರೆಯಲು ಆಗುವುದಿಲ್ಲ. ಆಟವಾಡುತ್ತ ಒಳಗೆ ಸೇರಿಕೊಂಡ ಮಕ್ಕಳು ಸತ್ತಿದ್ದಕ್ಕೇ ಅಮೆರಿಕ 1956ರಲ್ಲಿ ಇದಕ್ಕಾಗಿ ಕಾನೂನು ಮಾಡಿತು. ರಿಪೇರಿ ಮುಗಿಯುವವರೆಗೆ ಕೊಂಡಿ ಬಿಚ್ಚಿಡಿ, ಇಲ್ಲವೇ ಫ್ರಿಜ್ಜಿನ ಮುಖವನ್ನು ಗೋಡೆಗೆ ಒತ್ತಿ ನಿಲ್ಲಿಸಿ.

ಕರೆಂಟಿನ ದಾರಿ

ಅಟ್ಟದಿಂದಲೋ ಊರಿನ ಮನೆಯಿಂದಲೋ ಮಲಗಿಸಿಕೊಂಡು ತಂದ ಫ್ರಿಜ್ ಆದರೆ ನೇರ ನಿಲ್ಲಿಸಿ ಒಂದು ದಿನ ಬಿಡಿ. ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿದಿರುತ್ತದೆ, ಅದು ವಾಪಸ್ ಇಳಿಯಬೇಕು.

ವೈರು ನೋಡಿ. ರಬ್ಬರ್ ಹೊದಿಕೆಯ ಹಳೇ ವೈರನ್ನು ಬಗ್ಗಿಸಿದರೆ ಬಿರುಕು ಬಿಡುತ್ತದೆ, ಕೆಲವು ಕಡೆ ಪುಡಿಯಾಗಿ ಉದುರುತ್ತದೆ. ಅದನ್ನು ಟೇಪು ಸುತ್ತಿ ಉಳಿಸಬೇಡಿ. 1.5 ಚದರ ಮಿ.ಮೀ. ಮೂರೆಳೆಯ ತಾಮ್ರದ ವೈರು, ಮೂರು ಪಿನ್ನಿನ ಪ್ಲಗ್ಗು, ಕಂಪ್ರೆಸರಿನ ಮೈಗೂ ಹೊರಗಿನ ತಗಡಿಗೂ ಬಣ್ಣ ಕೆರೆದು ಕೂರಿಸಿದ ಅರ್ತಿಂಗ್ ಇಷ್ಟನ್ನೂ ಹೊಸದಾಗಿ ಹಾಕಿ. ಫ್ರಿಜ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿತ್ತು ಎಂಬುದು ಆ ಕಾಲದ ಮನೆಗಳಲ್ಲಿ ಮಾಮೂಲಿ ಮಾತು. ಅದನ್ನು ಮಾಮೂಲಿ ಎಂದು ಒಪ್ಪಿಕೊಳ್ಳಬಾರದು. ಪ್ಲಗ್ ಹಾಕುವ ಮೊದಲು ಕರೆಂಟಿನ ಸೋರಿಕೆ ಪತ್ತೆಹಚ್ಚುವ 500 ವೋಲ್ಟಿನ ಮೆಗ್ಗರ್‌ನಲ್ಲಿ ವೈಂಡಿಂಗ್‌ಗೂ (ಮೋಟಾರಿನ ತಂತಿಸುರುಳಿ) ಕಂಪ್ರೆಸರಿನ ಮೈಗೂ ನಡುವೆ ಅಳೆದು ನೋಡಿ. 2 ಮೆಗಾಓಮ್‌ಗಿಂತ ಕಡಿಮೆ ಬಂದರೆ ಚಾಲೂ ಮಾಡಬೇಡಿ.

ಆಮೇಲೆ ವೋಲ್ಟೇಜು. ಕಂಪ್ರೆಸರ್ ಎದ್ದೇಳಲು ಯತ್ನಿಸುವ ಕ್ಷಣದಲ್ಲಿ ಸಾಕೆಟ್ಟಿನಲ್ಲಿ ಎಷ್ಟಿದೆ ಎಂಬುದೇ ಲೆಕ್ಕ, ಖಾಲಿ ಸಾಕೆಟ್ಟಿನಲ್ಲಿ ಎಷ್ಟಿತ್ತು ಎಂಬುದಲ್ಲ. 180 ವೋಲ್ಟಿಗಿಂತ ಕೆಳಗೆ ಕುಸಿದರೆ ಒಳ್ಳೇ ಕಂಪ್ರೆಸರ್ ಕೂಡ ಗುಂಯ್ಗುಟ್ಟಿ ಸುಮ್ಮನಾಗಬಹುದು. ಬೇಸಿಗೆಯ ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುವ ಹಳ್ಳಿಯಲ್ಲಿ ಇದೇ ಮೂಲ ಕಾರಣವಾಗಿರಬಹುದು.

ಒಳಗೆ ದೀಪ ಹತ್ತುತ್ತದೆ, ಕಂಪ್ರೆಸರಿನಿಂದ ಸದ್ದೇ ಇಲ್ಲ ಎಂದಾದರೆ ಮೊದಲ ಅನುಮಾನ ಥರ್ಮೋಸ್ಟಾಟಿನ ಮೇಲೆ. ಅದರ ಸಣ್ಣ ಕೊಳವೆಯೊಳಗೆ ತುಂಬಿದ ಅನಿಲ ಸೋರಿಹೋದರೆ ಅದು ‘ಒಳಗೆ ಸಾಕಷ್ಟು ತಂಪಿದೆ’ ಎಂದೇ ನಂಬಿ ಕಾಂಟ್ಯಾಕ್ಟನ್ನು ಬಿಟ್ಟೇ ಇರುತ್ತದೆ. ಪ್ಲಗ್ ಕಿತ್ತು, ಥರ್ಮೋಸ್ಟಾಟಿಗೆ ಬರುವ ಎರಡು ವೈರುಗಳನ್ನು ಬಿಚ್ಚಿ ಒಂದಕ್ಕೊಂದು ಜೋಡಿಸಿ, ಟೇಪು ಸುತ್ತಿ ಮತ್ತೆ ಪ್ಲಗ್ ಹಾಕಿ. ಕಂಪ್ರೆಸರ್ ಎದ್ದರೆ ಕಳ್ಳ ಸಿಕ್ಕ ಹಾಗೆ. ಹೊಸ ಥರ್ಮೋಸ್ಟಾಟ್ ಹಾಕುವಾಗ ಅದರ ಕೊಳವೆಯ ತುದಿ, ಹಳೆಯದು ಕೂತಿದ್ದ ಜಾಗದಲ್ಲೇ ಫ್ರೀಜರ್ ತಗಡಿಗೆ ಕ್ಲಿಪ್ಪಿನಡಿ ಬಿಗಿಯಾಗಿ ಅಂಟಿರಬೇಕು. ಗಾಳಿಯಲ್ಲಿ ತೇಲುತ್ತಿದ್ದರೆ ಫ್ರಿಜ್ ನಿಲ್ಲದೆ ಓಡುತ್ತದೆ. ನಡುವೆ ಕೆಂಪು ಗುಂಡಿಯಿದ್ದ ಥರ್ಮೋಸ್ಟಾಟ್ ಆಗಿದ್ದರೆ ಗುಂಡಿ ಇರುವುದನ್ನೇ ತನ್ನಿ. ಅದು ಐಸು ಕರಗಿಸುವ ಗುಂಡಿ.

ಟಕ್ ಎಂದು ಆರಿಹೋಗುವುದು

ಗುಂಯ್ ಎಂದು ಕೆಲವು ಸೆಕೆಂಡು, ಟಕ್, ಮೌನ, ಕೆಲವು ನಿಮಿಷ ಬಿಟ್ಟು ಮತ್ತೆ ಅದೇ. ಇದು ಹಳೇ ಫ್ರಿಜ್ಜಿನ ಅತಿ ಪರಿಚಿತ ರೋಗ. ಟಕ್ ಎನ್ನುವುದು ಓವರ್‌ಲೋಡ್. ಕಂಪ್ರೆಸರ್ ತಿರುಗದೆ ಕರೆಂಟು ಎಳೆಯುತ್ತಿದ್ದಾಗ ಅದು ಬಿಸಿಯಾಗಿ ಸರ್ಕಿಟ್ ಕಡಿಯುತ್ತದೆ. ಅದನ್ನು ಬೈದು ಬದಲಿಸಿದರೆ ಪ್ರಯೋಜನವಿಲ್ಲ, ಅದು ತನ್ನ ಕೆಲಸ ಮಾಡಿದೆ.

ಕಂಪ್ರೆಸರಿನ ಪಕ್ಕದ ಮುಚ್ಚಳ ತೆಗೆದರೆ ಮೂರು ಪಿನ್ನು: ಕಾಮನ್, ಸ್ಟಾರ್ಟ್, ರನ್. ಪ್ಲಗ್ ಕಿತ್ತು, ಪಿನ್ನಿಗೆ ಸಿಕ್ಕಿಸಿದ ರಿಲೇ (ಮೋಟಾರನ್ನು ಎಬ್ಬಿಸುವ ಸ್ವಿಚ್ಚು) ಎಳೆದು, ಮೂರರ ನಡುವೆ ಓಮ್ ಅಳೆಯಿರಿ. ಯಾವ ಜೋಡಿಯಲ್ಲಿ ಅತಿ ಹೆಚ್ಚು ಬರುತ್ತದೋ ಆ ಜೋಡಿಯಲ್ಲಿಲ್ಲದ ಪಿನ್ನೇ ಕಾಮನ್. ಕಾಮನ್‌ನಿಂದ ಕಡಿಮೆ ಓಮ್ ತೋರಿಸುವುದು ರನ್, ಹೆಚ್ಚು ತೋರಿಸುವುದು ಸ್ಟಾರ್ಟ್. ಸಣ್ಣ ಕಂಪ್ರೆಸರಿನಲ್ಲಿ ಉದಾಹರಣೆಗೆ 12, 28, 40 ಬಂದರೆ ಸರಿ, ಏಕೆಂದರೆ ಮೊದಲೆರಡರ ಮೊತ್ತ ಮೂರನೆಯದಾಗಲೇಬೇಕು. ಲೆಕ್ಕ ಕೂಡಿ ಬರದಿದ್ದರೆ ವೈಂಡಿಂಗ್ ಸುಟ್ಟಿದೆ ಅಥವಾ ಕಡಿದಿದೆ. ಕಂಪ್ರೆಸರ್ ಬಿಸಿಯಿದ್ದಾಗ ಕಾಮನ್ ಕಡಿದಂತೆ ಕಂಡರೆ ಗಾಬರಿ ಬೇಡ. ಕೆಲವು ಮಾದರಿಗಳಲ್ಲಿ ಓವರ್‌ಲೋಡ್ ಒಳಗೇ ಇರುತ್ತದೆ, ತಣ್ಣಗಾದ ಮೇಲೆ ಮತ್ತೆ ಅಳೆಯಿರಿ.

ವೈಂಡಿಂಗ್ ಸರಿಯಿದ್ದರೆ ಉಳಿದದ್ದು ರಿಲೇ. ಹಳೇ ರಿಲೇ ಒಂದು ಕಾಯಿಲ್ ಮತ್ತು ಅದರೊಳಗೆ ಮೇಲೆ ಕೆಳಗೆ ಆಡುವ ಕಬ್ಬಿಣದ ಗುಂಡು, ಅಷ್ಟೆ. ಸ್ಟಾರ್ಟ್ ಆಗುವಾಗಿನ ಜೋರು ಕರೆಂಟು ಗುಂಡನ್ನು ಮೇಲಕ್ಕೆತ್ತಿ ಸ್ಟಾರ್ಟ್ ವೈಂಡಿಂಗಿಗೆ ಕರೆಂಟು ಕೊಡುತ್ತದೆ. ಮೋಟಾರು ತಿರುಗಿ ಕರೆಂಟು ಇಳಿದೊಡನೆ ಗುಂಡು ತನ್ನ ಭಾರಕ್ಕೆ ತಾನೇ ಬಿದ್ದು ಕಡಿಯುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಂಡಿನ ಟಕಟಕ ಸದ್ದು ಕೇಳಬೇಕು. ಕೇಳದಿದ್ದರೆ ಜಾಮ್ ಆಗಿದೆ. ಬಿಚ್ಚಲು ಬರುವ ಮಾದರಿಯಾದರೆ ಕಾಂಟ್ಯಾಕ್ಟಿನ ಕಪ್ಪು ಮಸಿಯನ್ನು ನಯವಾದ ಎಮರಿ ಹಾಳೆಯಲ್ಲಿ ಉಜ್ಜಿದರೆ ಮತ್ತೆ ಓಡುತ್ತದೆ. ಭೂಮಿಯ ಸೆಳೆತದ ಮೇಲೆ ನಿಂತಿರುವ ಸಾಮಾನು ಇದು, ಹಾಗಾಗಿ ಮೇಲು ಕೆಳಗು ನೋಡಿಯೇ ಕೂರಿಸಬೇಕು. ತಲೆಕೆಳಗಾಗಿ ಹಾಕಿದರೆ ಕಾಂಟ್ಯಾಕ್ಟ್ ಸದಾ ಮುಚ್ಚಿಕೊಂಡಿದ್ದು ಸ್ಟಾರ್ಟ್ ವೈಂಡಿಂಗ್ ಸುಟ್ಟುಹೋಗುತ್ತದೆ. ಬದಲಿಗೆ ತರುವ ರಿಲೇ ಅದೇ ಅಶ್ವಶಕ್ತಿಯ ಕಂಪ್ರೆಸರಿನದ್ದೇ ಆಗಿರಬೇಕು. ಈಗ ಸುಲಭವಾಗಿ ಸಿಗುವ, ಗುಂಡಿಲ್ಲದೆ ತಾನೇ ಬಿಸಿಯಾಗಿ ಕರೆಂಟು ತಡೆಯುವ ಪಿಟಿಸಿ ರಿಲೇಯೂ ನಡೆಯುತ್ತದೆ, ಆದರೆ ಅದು ಪ್ರತಿ ಸಲ ಆರಲು ಕೆಲವು ನಿಮಿಷ ಬೇಡುತ್ತದೆ. ಪದೇ ಪದೇ ಕರೆಂಟು ಹೋಗಿ ಬರುವ ಕಡೆ ಹಳೇ ನಮೂನೆಯೇ ಒಳ್ಳೆಯದು.

ರಿಲೇ ಸರಿಯಿದ್ದೂ ತಿರುಗದಿದ್ದರೆ ಕಂಪ್ರೆಸರ್ ಒಳಗೆ ಹಿಡಿದುಕೊಂಡಿದೆ. ವರ್ಷಗಟ್ಟಲೆ ನಿಂತಿದ್ದ ಫ್ರಿಜ್ಜಿನಲ್ಲಿ ಇದು ಸಹಜ. ಸ್ಟಾರ್ಟ್ ಪಿನ್ನಿನ ಸಾಲಿನಲ್ಲಿ 60ರಿಂದ 80 ಮೈಕ್ರೋಫ್ಯಾರಡ್‌ನ ಸ್ಟಾರ್ಟಿಂಗ್ ಕೆಪಾಸಿಟರ್ ಇಟ್ಟು, ಒತ್ತಿದಾಗ ಮಾತ್ರ ಹತ್ತುವ ಸ್ವಿಚ್ಚಿನ ಮೂಲಕ ಎರಡು ಸೆಕೆಂಡು ಕರೆಂಟು ಕೊಟ್ಟು ಬಿಡಿ. ಜತೆಗೆ ರಬ್ಬರ್ ಸುತ್ತಿಗೆಯಿಂದ ಕಂಪ್ರೆಸರಿನ ಹೊಟ್ಟೆಗೆ ಮೆಲ್ಲಗೆ ತಟ್ಟಬಹುದು. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು ಹಲವು ಆಂಪಿಯರಿಗೆ ಜಿಗಿದು, ಒಂದು ಸೆಕೆಂಡಿನೊಳಗೆ 1 ಆಂಪಿಯರಿನ ಆಸುಪಾಸಿಗೆ ಇಳಿದರೆ ಎದ್ದಿದೆ ಎಂದರ್ಥ. ಇಳಿಯದಿದ್ದರೆ ಕೂಡಲೇ ಬಿಡಿ, ಹತ್ತು ನಿಮಿಷ ಆರಿಸಿ ಮತ್ತೆ ನೋಡಿ. ಆಮೇಲೆ ಕೆಪಾಸಿಟರನ್ನು ಒಂದು ರೆಸಿಸ್ಟರಿನಿಂದ ಡಿಸ್ಚಾರ್ಜ್ ಮಾಡದೆ ಮುಟ್ಟಬೇಡಿ. ವಿದ್ಯುತ್ ಕೆಲಸದ ಅಭ್ಯಾಸವಿಲ್ಲದವರು ಈ ಪ್ಯಾರಾವನ್ನು ಇಡಿಯಾಗಿ ಬಿಟ್ಟು ಮುಂದೆ ಹೋಗಿ.

ಓಡುತ್ತದೆ, ಆದರೆ ತಂಪಿಲ್ಲ

ಹಿಂದಿನ ಕಾಯಿಲ್‌ನ ಧೂಳು ಬ್ರಷ್ಷಿನಲ್ಲಿ ತೆಗೆದು, ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿ. ಎಲ್ಲರೂ ಹೇಳುವ ಮಾತೇ, ಮಾಡುವವರು ಕಡಿಮೆ.

ಒಳಗೆ ತಂತಿಯ ಶೆಲ್ಫುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಕಿತ್ತು ಬಿಸಾಕಿ. ಈ ಫ್ರಿಜ್ಜಿನಲ್ಲಿ ಫ್ಯಾನ್ ಇಲ್ಲ. ಫ್ರೀಜರಿನಿಂದ ಭಾರವಾದ ತಣ್ಣನೆ ಗಾಳಿ ತಾನಾಗಿ ಕೆಳಗಿಳಿದರಷ್ಟೇ ತರಕಾರಿ ಡಬ್ಬದವರೆಗೆ ತಂಪು ಮುಟ್ಟುತ್ತದೆ. ಹಾಳೆ ಹಾಸಿದರೆ ಫ್ರೀಜರ್ ಕಲ್ಲಾಗಿ ಕೆಳಗಿನ ಹಾಲು ಒಡೆಯುತ್ತದೆ. ಫ್ರೀಜರಿನ ಸುತ್ತ ಅರ್ಧ ಸೆಂ.ಮೀ.ಗಿಂತ ದಪ್ಪ ಐಸು ಕಟ್ಟಿದರೂ ಇದೇ ಫಲ. ಬಾಗಿಲು ಮುಚ್ಚಿದ ಮೇಲೂ ದೀಪ ಉರಿಯುತ್ತಿದೆಯೇ ಎಂದು ತಿಳಿಯಲು ಮೊಬೈಲ್‌ನಲ್ಲಿ ವಿಡಿಯೋ ಚಾಲೂ ಮಾಡಿ ಒಳಗಿಟ್ಟು ಬಾಗಿಲು ಹಾಕಿ. 15 ವ್ಯಾಟಿನ ಬಲ್ಬು ಹಗಲೂ ರಾತ್ರಿ ಉರಿದರೆ ಅದೊಂದು ಸಣ್ಣ ಒಲೆಯೇ.

ಬಾಗಿಲಿನ ರಬ್ಬರ್ ಪರೀಕ್ಷೆಗೆ ಒಂದು ನೋಟು ಸಾಕು. ಒಂದೊಂದು ಗೇಣಿಗೆ ನೋಟು ಸಿಕ್ಕಿಸಿ, ಬಾಗಿಲು ಹಾಕಿ ಎಳೆಯಿರಿ. ಎಲ್ಲ ಕಡೆಯೂ ಹಿಡಿದು ಬರಬೇಕು. ಸೊಟ್ಟಗಾದ ರಬ್ಬರನ್ನು ಸೋಪುನೀರಲ್ಲಿ ತೊಳೆದು, ಹೇರ್ ಡ್ರೈಯರಿನಲ್ಲಿ ಬೆಚ್ಚಗೆ ಮಾಡಿ ಕೈಯಲ್ಲಿ ಎಳೆದು ರೂಪಕ್ಕೆ ತರಬಹುದು. ಲಿವರ್ ಕೊಂಡಿಯ ಬಾಗಿಲುಗಳ ರಬ್ಬರಿನಲ್ಲಿ ಅಯಸ್ಕಾಂತ ಇರುವುದಿಲ್ಲ, ಕೊಂಡಿ ಒತ್ತಿ ಹಿಡಿದರಷ್ಟೇ ಅದು ಮುಚ್ಚುತ್ತದೆ. ಅಂಥ ಕಡೆ ರಬ್ಬರ್ ಬದಲಿಸುವ ಮೊದಲು ಚೌಕಟ್ಟಿನ ಮೇಲಿನ ಕೊಂಡಿ ಹಿಡಿಯುವ ತಗಡನ್ನು ಸಡಿಲಿಸಿ ಒಳಕ್ಕೆ ಒಂದೆರಡು ಮಿ.ಮೀ. ಸರಿಸಿ ನೋಡಿ.

ಬಹಳ ಜನ ಮರೆಯುವುದು ಗೋಡೆಯೊಳಗಿನ ಗ್ಲಾಸ್‌ವುಲ್. ಬಹಳಷ್ಟು ಹಳೇ ಫ್ರಿಜ್‌ಗಳಲ್ಲಿ ಫೋಮ್ ಇಲ್ಲ, ಗಾಜಿನ ಉಣ್ಣೆ ತುಂಬಿರುತ್ತಾರೆ. ಹೊರಗಿನ ತಗಡಿನ ಸಂದುಗಳಿಂದ ತೇವದ ಗಾಳಿ ನುಗ್ಗಿ ಒಳಗಿನ ತಂಪಿಗೆ ನೀರಾಗಿ ಉಣ್ಣೆ ನೆನೆಯುತ್ತದೆ. ನೆನೆದ ಉಣ್ಣೆ ಶಾಖ ತಡೆಯುವುದಿಲ್ಲ. ಹೊರಮೈಯಲ್ಲಿ ಒಂದೇ ಕಡೆ ಬೆವರುವುದು, ತಳದಂಚಿನಲ್ಲಿ ತುಕ್ಕು, ಮುಗ್ಗಲು ವಾಸನೆ ಇದರ ಗುರುತು. ಮಲೆನಾಡು, ಕರಾವಳಿಯ ಫ್ರಿಜ್‌ಗಳಲ್ಲಿ ಇದನ್ನು ನೋಡದೇ ಬಿಡಬಾರದು. ಒಳಪೆಟ್ಟಿಗೆಗೂ ಹೊರತಗಡಿಗೂ ನಡುವಿನ ಪ್ಲಾಸ್ಟಿಕ್ ಪಟ್ಟಿ ವಯಸ್ಸಿಗೆ ಗಾಜಿನಂತೆ ಪುಡಿಯಾಗುತ್ತದೆ, ಅದಕ್ಕೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಒತ್ತಿ ಮೆತ್ತಗಾಗಿಸಿಯೇ ಮೀಟಿ. ಕೈಗವಸು, ಮಾಸ್ಕ್ ಹಾಕಿ ಉಣ್ಣೆ ತೆಗೆದು, ಒಣಗಿಸಿ ಅಥವಾ ಹೊಸದು ತುಂಬಿ, ಹೊರಗಿನ ಸಂದುಗಳನ್ನು ಸಿಲಿಕಾನಿನಿಂದ ಮುಚ್ಚಿ. ಮುಚ್ಚಬೇಕಾದ್ದು ಹೊರಮೈಯನ್ನು, ತೇವ ಬರುವುದು ಬಿಸಿ ಕಡೆಯಿಂದ.

ಪೈಪು ಏನು ಹೇಳುತ್ತದೆ

ಇಷ್ಟಾದ ಮೇಲೂ ತಂಪಿಲ್ಲದಿದ್ದರೆ ಹದಿನೈದು ನಿಮಿಷ ಓಡಿಸಿ, ಫ್ರೀಜರಿಗೆ ಕಿವಿಗೊಟ್ಟು ಹಿಂದಿನ ಕಾಯಿಲನ್ನು ಮುಟ್ಟಿ ನೋಡಿ.

ಗ್ಯಾಸ್ ಹರಿಯುವ ಸುಸ್ಸ್ ಸದ್ದಿಲ್ಲ, ಹಿಂದಿನ ಕಾಯಿಲ್ ಬೆಚ್ಚಗೂ ಆಗಿಲ್ಲ ಎಂದರೆ ಗ್ಯಾಸ್ ನಿಜಕ್ಕೂ ಹೋಗಿದೆ, ಇಲ್ಲವೇ ಕಂಪ್ರೆಸರಿನ ವಾಲ್ವ್ ಮುರಿದಿದೆ. ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಹಿಮ ಕಟ್ಟಿದರೆ ಗ್ಯಾಸ್ ಅರ್ಧ ಸೋರಿದೆ. ಒಂದೆರಡು ಗಂಟೆ ಚೆನ್ನಾಗಿ ತಂಪಾಗಿ, ಸದ್ದು ನಿಂತು, ಹಿಮ ಕರಗಿ, ನಿಲ್ಲಿಸಿ ಹಾಕಿದರೆ ಮತ್ತೆ ಸರಿಯಾಗುತ್ತಿದ್ದರೆ ಒಳಗೆ ನೀರಿನ ಪಸೆಯಿದೆ. ಫ್ರೀಜರಿಗೆ ಗ್ಯಾಸ್ ಒಯ್ಯುವ ಅತಿ ಸಪೂರ ಕೊಳವೆ, ಅಂದರೆ ಕ್ಯಾಪಿಲರಿ, ಫ್ರೀಜರನ್ನು ಸೇರುವ ಬಾಯಲ್ಲಿ ಅದು ಐಸಾಗಿ ದಾರಿ ಕಟ್ಟುತ್ತದೆ. ಆ ಜಾಗವನ್ನು ಬಿಸಿಬಟ್ಟೆಯಿಂದ ಬೆಚ್ಚಗೆ ಮಾಡಿದೊಡನೆ ಸುಸ್ಸ್ ಶುರುವಾದರೆ ಅನುಮಾನವೇ ಬೇಡ. ಕಾಯಿಲ್ ಕೊನೆಯಲ್ಲಿರುವ, ಪಸೆ ಹೀರುವ ಡ್ರೈಯರಿನ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ಬೆವರುವಷ್ಟು ತಣ್ಣಗಿದ್ದರೆ ಅದೇ ಚೋಕ್ ಆಗಿದೆ.

ಸೋರಿಕೆಯ ಗುರುತು ಎಣ್ಣೆ. ಗ್ಯಾಸ್ ಜತೆ ಎಣ್ಣೆಯೂ ಜಿನುಗಿ ಅದರ ಮೇಲೆ ಧೂಳು ಕೂತ ಕಪ್ಪು ಕಲೆ ಹುಡುಕಿ. ಐಸು ಕೀಳಲು ಚಾಕು ಹಾಕಿದ ಫ್ರೀಜರಿನ ತಳ, ತಾಮ್ರ ಅಲ್ಯೂಮಿನಿಯಂಗೆ ಕೂಡುವ ಜಾಯಿಂಟ್, ಉಪ್ಪುಗಾಳಿಯ ಊರುಗಳಲ್ಲಿ ಹಿಂದಿನ ಉಕ್ಕಿನ ಕಾಯಿಲ್, ಈ ಮೂರನ್ನು ಮೊದಲು ನೋಡಿ.

ಇನ್ನು ಮುಂದಿನದು ಪೈಪು ಬೆಸೆಯುವ ಬ್ರೇಜಿಂಗ್ ಸೆಟ್, ನೈಟ್ರೋಜನ್, ವ್ಯಾಕ್ಯೂಮ್ ಪಂಪು ಇರುವ ಮೆಕ್ಯಾನಿಕ್‌ನ ಕೆಲಸ. ಆದರೂ ಪಕ್ಕದಲ್ಲಿ ನಿಂತು ಏನು ನೋಡಬೇಕು ಎಂಬುದು ಗೊತ್ತಿರಲಿ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆಸಿ. ಆರ್-12 ಉಳಿದಿರುವ ಪೈಪಿಗೆ ಬೆಂಕಿ ತಾಗಿಸಿದರೆ ವಿಷಾನಿಲ ಹುಟ್ಟುತ್ತದೆ. ಎಣ್ಣೆಯ ಬಣ್ಣ ನೋಡಿ: ತಿಳಿಯಾಗಿದ್ದರೆ ಕಂಪ್ರೆಸರ್ ಆರೋಗ್ಯವಾಗಿದೆ, ಕಪ್ಪಗೆ ಹುಳಿ ವಾಸನೆ ಹೊಡೆದರೆ ಸುಟ್ಟಿದೆ. ಸೋರಿಕೆ ಪರೀಕ್ಷೆಗೆ ಒಣ ನೈಟ್ರೋಜನ್, 150 ಪಿಎಸ್‌ಐ ಒತ್ತಡದವರೆಗೆ, ಜತೆಗೆ ಸೋಪಿನ ನೊರೆ. ಆಕ್ಸಿಜನ್ ಸಿಲಿಂಡರನ್ನು ಈ ಕೆಲಸಕ್ಕೆ ಹತ್ತಿರ ಬರಗೊಡಬೇಡಿ; ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಸ್ಫೋಟ. ಫ್ರೀಜರಿನ ಸೂಜಿತೂತನ್ನು ಒತ್ತಡ ಪೂರ್ತಿ ಇಳಿಸಿ, ಎಮರಿಯಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಎರಡು ಭಾಗದ ಎಪಾಕ್ಸಿ ಹಚ್ಚಿ ಒಂದು ದಿನ ಒಣಗಿಸಿದರೆ ನಿಲ್ಲುತ್ತದೆ.

ಪೈಪು ತೆರೆದ ಮೇಲೆ ಡ್ರೈಯರ್ ಹೊಸದಾಗಲೇಬೇಕು, ಕ್ಯಾಪಿಲರಿ ಇರುವ ತುದಿ ಕೆಳಮುಖವಾಗಿ. ಕ್ಯಾಪಿಲರಿಯ ಉದ್ದ, ಒಳವ್ಯಾಸ ಮೂಲದ್ದೇ ಉಳಿಯಲಿ. ಕತ್ತರಿಸಬೇಕಾದರೆ ಅರದಿಂದ ಗೆರೆ ಹಾಕಿ ಮುರಿಯಬೇಕು, ಕಟರ್ ಹಾಕಿದರೆ ಬಾಯಿ ಹಿಚುಕಿಹೋಗುತ್ತದೆ. ಫ್ರಿಜ್ಜಿನ ಕಂಪ್ರೆಸರನ್ನೇ ಓಡಿಸಿ ‘ವ್ಯಾಕ್ಯೂಮ್’ ಮಾಡುವವರನ್ನು ತಡೆಯಿರಿ. ಅದರಿಂದ ಪಸೆ ಹೋಗುವುದಿಲ್ಲ, ಮೋಟಾರೂ ಕೆಡಬಹುದು. ಎರಡು ಹಂತದ ಪಂಪಿನಲ್ಲಿ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗೆ (ವ್ಯಾಕ್ಯೂಮಿನ ಅಳತೆ) ಇಳಿಸಿ, ವಾಲ್ವ್ ಮುಚ್ಚಿ ಇಪ್ಪತ್ತು ನಿಮಿಷ ಕಾಯಬೇಕು. ಸ್ವಲ್ಪ ಏರಿ ನಿಂತರೆ ಇನ್ನೂ ಪಸೆಯಿದೆ. ಏರುತ್ತಲೇ ಹೋದರೆ ಸೋರಿಕೆ ಇದೆ.

ಯಾವ ಗ್ಯಾಸ್? ಆರ್-134ಎ ತುಂಬುತ್ತೇನೆ ಎಂದರೆ ಒಪ್ಪಬೇಡಿ. ಹಳೇ ಕಂಪ್ರೆಸರಿನ ಮಿನರಲ್ ಎಣ್ಣೆಯಲ್ಲಿ ಅದು ಬೆರೆಯುವುದಿಲ್ಲ, ಹೋದ ಎಣ್ಣೆ ಮರಳಿ ಬರುವುದಿಲ್ಲ. ಆರ್-600ಎ, ಅಂದರೆ ಐಸೋಬ್ಯುಟೇನ್, ಒಂದನ್ನೇ ಹಾಕಿದರೆ ಈ ಕಂಪ್ರೆಸರಿಗೆ ತಂಪು ಅರ್ಧಕ್ಕರ್ಧ ಇಳಿಯುತ್ತದೆ. ಹೊಂದುವುದು ಪ್ರೊಪೇನ್ ಮತ್ತು ಐಸೋಬ್ಯುಟೇನ್ ಸಮಸಮ ಬೆರೆತ ಹೈಡ್ರೋಕಾರ್ಬನ್ ಮಿಶ್ರಣ. ಎಣ್ಣೆ ಹಳೆಯದೇ ಸಾಕು, ತೂಕ ಆರ್-12ರ ಸುಮಾರು 40 ಶೇಕಡ. ನಾಮಫಲಕದಲ್ಲಿ 120 ಗ್ರಾಂ ಇದ್ದರೆ 48 ಗ್ರಾಂ. ಗ್ರಾಂ ತೋರಿಸುವ ತಕ್ಕಡಿಯಲ್ಲಿ ಸಿಲಿಂಡರ್ ಇಟ್ಟು ತೂಗಿಯೇ ಹಾಕಬೇಕು, ಅದೂ ದ್ರವರೂಪದಲ್ಲಿ, ಸ್ವಲ್ಪಸ್ವಲ್ಪವೇ. ಆವಿಯಾಗಿ ಎಳೆದರೆ ಮಿಶ್ರಣದ ಪ್ರಮಾಣ ಕೆಡುತ್ತದೆ. ಇದು ಅಡುಗೆ ಗ್ಯಾಸಿನ ಜಾತಿ, ಹತ್ತಿಕೊಳ್ಳುತ್ತದೆ. ಆದ್ದರಿಂದ ಒಳಗಿರುವ ಥರ್ಮೋಸ್ಟಾಟ್ ಮತ್ತು ದೀಪದ ಸ್ವಿಚ್ಚು ಕಿಡಿ ಹಾರದಂತೆ ಮುಚ್ಚಿದ ನಮೂನೆಯದಾಗಿರಬೇಕು ಅಥವಾ ಪೆಟ್ಟಿಗೆಯಿಂದ ಹೊರಗೆ ಬರಬೇಕು. ಹಿಂಬದಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದು ಅಂಟಿಸಿ. ಮುಂದೆ ಇನ್ನೊಬ್ಬ ಮೆಕ್ಯಾನಿಕ್ ಗೊತ್ತಿಲ್ಲದೆ ಬೆಂಕಿ ಹಿಡಿದು ಬರಬಾರದು.

ಖಾಲಿ ಫ್ರಿಜ್ಜಿನ ನಡುಶೆಲ್ಫಿನಲ್ಲಿ ಒಂದು ಲೋಟ ನೀರು, ಅದರೊಳಗೆ ಥರ್ಮಾಮೀಟರ್ ಇಟ್ಟು ಒಂದು ದಿನ ಓಡಿಸಿ. ನೀರು 4ರಿಂದ 7 ಡಿಗ್ರಿಗೆ ಬಂದು, ಫ್ರೀಜರಿನ ಎಲ್ಲ ಕಡೆ ಸಮನಾಗಿ ಹಿಮ ಕೂತು, ಕಂಪ್ರೆಸರ್ ನಡುನಡುವೆ ನಿಂತು ಹೊರಟರೆ ಗೆದ್ದಂತೆ. ಕಂಪ್ರೆಸರಿಗೆ ಮರಳುವ ದಪ್ಪ ಪೈಪಿನ ಮೇಲೆ ಹಿಮ ಬಂದರೆ ಗ್ಯಾಸ್ ಜಾಸ್ತಿಯಾಗಿದೆ. ಮೂರು ನಿಮಿಷ ತಡ ಮಾಡಿ ಕರೆಂಟು ಕೊಡುವ ಸ್ಟೆಬಿಲೈಸರ್ ಹಾಕಿ. ನಿಂತ ಕಂಪ್ರೆಸರಿನ ಎರಡೂ ಬದಿಯ ಒತ್ತಡ ಕ್ಯಾಪಿಲರಿಯ ಮೂಲಕ ಸಮವಾಗಲು ಅಷ್ಟು ಹೊತ್ತು ಬೇಕು.

ಸೀಮೆಎಣ್ಣೆ ಫ್ರಿಜ್

ಕರೆಂಟಿಲ್ಲದ ತೋಟದ ಬಂಗಲೆಗಳಲ್ಲಿ ಓಡುತ್ತಿದ್ದ ಎಲೆಕ್ಟ್ರೋಲಕ್ಸ್ ಥರದ ಫ್ರಿಜ್‌ಗೆ ಮೇಲಿನ ಯಾವುದೂ ಅನ್ವಯಿಸದು. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟೆರ್ಸ್, 1922ರಲ್ಲಿ ರೂಪಿಸಿದ ಯಂತ್ರ ಅದು. ಒಳಗೆ ಅಮೋನಿಯಾ, ನೀರು, ಹೈಡ್ರೋಜನ್. ಆಡುವ ಭಾಗ ಒಂದೂ ಇಲ್ಲ. ತಂಪಾಗದಿದ್ದರೆ ಮೊದಲು ಮಟ್ಟಸ ಮಾಡಿ, ವಾಲಿದರೆ ದ್ರವದ ಹರಿವು ನಿಲ್ಲುತ್ತದೆ. ಬತ್ತಿ ಸಮನಾಗಿ ಕತ್ತರಿಸಿ ನೀಲಿ ಜ್ವಾಲೆ ಬರಿಸಿ. ಹೊಗೆಗೊಳವೆಯೊಳಗಿನ ತಿರುಚಿದ ತಗಡನ್ನು ಎಳೆದು ಮಸಿ ಕೆರೆದು ಅದೇ ಎತ್ತರಕ್ಕೆ ಮತ್ತೆ ಇಳಿಬಿಡಿ. ಇಷ್ಟಕ್ಕೂ ಬಗ್ಗದಿದ್ದರೆ ಪೂರ್ತಿ ಆರಿಸಿ, ಫ್ರಿಜ್ಜನ್ನು ತಲೆಕೆಳಗಾಗಿ ಕೆಲವು ಗಂಟೆ ನಿಲ್ಲಿಸಿ, ನೇರ ಮಾಡಿ ಒಂದು ದಿನ ಬಿಟ್ಟು ಹಚ್ಚಿ. ಒಳಗೆ ಕೂತ ದ್ರವ ಮತ್ತೆ ಬೆರೆತು ಹರಿವು ತೆರೆಯಬಹುದು. ಪೈಪಿನ ಮೇಲೆ ಹಳದಿ ಪುಡಿಯ ಕಲೆಯೂ ಮೂಗಿಗೆ ಅಮೋನಿಯಾದ ಘಾಟೂ ಇದ್ದರೆ ಯೂನಿಟ್ ತೂತಾಗಿದೆ. ಆ ಹಳದಿ, ತುಕ್ಕು ತಡೆಯಲು ಒಳಗೆ ಸೇರಿಸಿದ ಕ್ರೋಮೇಟ್, ವಿಷ, ಬರಿಗೈಯಲ್ಲಿ ಒರೆಸಬೇಡಿ. ದೀಪ ಆರಿಸಿ, ಫ್ರಿಜ್ಜನ್ನು ಬಯಲಿಗೆ ಸಾಗಿಸಿ. ಅಂಥ ಯೂನಿಟ್ಟಿಗೆ ಬೆಸುಗೆ ಹಾಕಲು ಹೋಗಬಾರದು, ಒಳಗೆ ಹೈಡ್ರೋಜನ್ ಇದೆ. ಇಡೀ ಯೂನಿಟ್ ಬದಲಿಸುವುದೊಂದೇ ದಾರಿ.